ವಾರ್ಸಾದ ಮನೆತನ ವಿಚಾರಿಸಿದ್ದು

ಮೊನ್ನೆ ಶಿಕಾಗೋ ಹತ್ತಿರದ ಗ್ಲೆಂಡೇಲ್ ಹೈಟ್ಸಿನ ಇಂಡಿಯನ್ ಅಂಗಡಿಯಲ್ಲಿ ಜೋಳದ ಹಿಟ್ಟಿನ ಚೀಲವೊಂದನ್ನು ಎತ್ತಿ ಹಿಡಿದು, ಇದು ಯಾವ ಕಡೆಯ ಜೋಳ, ಹಿಂಗಾರಿನದೋ ಮುಂಗಾರಿನದೋ, ಬೀಸಿ ಎಷ್ಟು ದಿನವಾಯಿತು ಎಂದು ಅಂಗಡಿಯ ಯಜಮಾನರನ್ನು ಕೇಳುತ್ತ ನಿಂತಿದ್ದೆ. ಅವರು ಚೀಲ ತಿರುಗಿಸಿ ಎಕ್ಸ್‌ಪೈರಿ ಡೇಟು ತೋರಿಸಿದರು. ನಾನು ಕೇಳಿದ್ದು ಅದರ ಹುಟ್ಟು, ಅವರು ಹೇಳಿದ್ದು ಅದರ ಸಾವು. ಹಿಂದೆ ಗಾಡಿ ತಳ್ಳುತ್ತಿದ್ದ ನನ್ನ ಹೆಂಡತಿ ವಸುಧಾ ತನ್ನ ಮೈಸೂರು ಕನ್ನಡದಲ್ಲಿ, "ಇವರು ಹಿಟ್ಟು ತಗೊಳ್ಳೋಕೆ ಬಂದಿಲ್ಲ, ಹೆಣ್ಣು ಕೊಡೋಕೆ ಬಂದಿದಾರೆ. ವಾರ್ಸಾ ಆದ್ಮೇಲಾದ್ರೂ ಈ ಚಟ ಬಿಡ್ತಾರೆ ಅಂದ್ಕೊಂಡಿದ್ದೆ" ಎಂದಳು. ಅಂಗಡಿಯವರಿಗೆ ಕನ್ನಡ ಬರುವುದಿಲ್ಲ. ಆದರೂ ನಕ್ಕರು. ಹೆಂಡತಿ ಗಂಡನನ್ನು ಬೈಯುವಾಗ ಭಾಷೆಯ ಅಡ್ಡಿ ಇರುವುದಿಲ್ಲ.

ಅವಳು ಹೇಳಿದ್ದು ಸುಳ್ಳಲ್ಲ. ವಿಚಾರಿಸುವುದು ನಮ್ಮ ಮನೆತನಕ್ಕೆ ಅಂಟಿದ ಚಟ. ನಮ್ಮ ವಿಜಾಪುರ ಸೀಮೆಯಲ್ಲಿ ಹೆಣ್ಣು ಕೊಡುವ ಮೊದಲು ಗಂಡಿನ ಮನೆತನ ವಿಚಾರಿಸುವುದೆಂದರೆ ಜಾತಕ ಕೂಡಿಸುವುದಕ್ಕಿಂತ ದೊಡ್ಡ ಕೆಲಸ. ನಮ್ಮ ಮನೆಯಲ್ಲಿ ಅದು ದೊಡ್ಡಪ್ಪನ ಖಾತೆಯಾಗಿತ್ತು. ದೊಡ್ಡಪ್ಪ ಗಂಡಿನ ಊರಿಗೆ ಹೇಳದೆ ಕೇಳದೆ ಹೋಗುವನು. ಗಂಡಿನ ಮನೆಯ ಕಡೆಗೆ ಮಾತ್ರ ಸುಳಿಯುವವನಲ್ಲ. ಎತ್ತು ಕೊಳ್ಳಲು ಬಂದಿದ್ದೇನೆ ಎಂದು ಸುಳ್ಳು ಹೇಳಿ ಮೊದಲು ಚಹಾದ ಅಂಗಡಿಯಲ್ಲಿ ಕೂರುವನು, ಆಮೇಲೆ ಹಿಟ್ಟಿನ ಗಿರಣಿಗೆ ಹೋಗಿ ನಿಲ್ಲುವನು. ಗಿರಣಿಯವನಿಗೆ ಗೊತ್ತಿಲ್ಲದ ಗುಟ್ಟು ಊರಲ್ಲಿ ಇರುವುದಿಲ್ಲವೆಂಬುದು ಅವನ ನಂಬಿಕೆ. ಯಾವ ಮನೆಯಿಂದ ಯಾವ ಕಾಳು ಬರುತ್ತದೆ, ಹಿಟ್ಟಿನ ಬುಟ್ಟಿ ಹೊತ್ತು ಬರುವವಳು ಅತ್ತೆಯೋ ಸೊಸೆಯೋ, ಸೊಸೆಯಾದರೆ ಅವಳು ಬೇಗ ಮನೆಗೆ ಹೋಗಲು ನೋಡುತ್ತಾಳೋ ಇಲ್ಲೇ ಇನ್ನಷ್ಟು ಹೊತ್ತು ನಿಲ್ಲಲು ನೋಡುತ್ತಾಳೋ, ಇದೆಲ್ಲ ಅವನಿಗೆ ಲೆಕ್ಕ. ಕೊನೆಗೆ ಗಂಡಿನ ಓಣಿಯಲ್ಲಿ ಒಮ್ಮೆ ಹಾದು ಆ ಮನೆಯ ನಾಯಿಯನ್ನು ನೋಡಿ ಬರುವನು. ನಾಯಿ ಬಾಲವನ್ನು ಕಾಲ ಸಂದಿ ಸಿಕ್ಕಿಸಿಕೊಂಡಿದ್ದರೆ ಆ ಮನೆಯಲ್ಲಿ ಕೈ ಎತ್ತುವವರು ಇದ್ದಾರೆ ಎಂದು ಅರ್ಥ. ಆ ಸಂಬಂಧ ಅಲ್ಲಿಗೇ ಮುಗಿಯಿತು. ಒಮ್ಮೆ ಇವನ ಸುಳ್ಳನ್ನು ಊರವರು ನಿಜವೆಂದು ನಂಬಿ ಮನೆ ಮನೆಗೆ ಕರೆದೊಯ್ದು ಎತ್ತು ತೋರಿಸಿದರು. ದೊಡ್ಡಪ್ಪ ಮರ್ಯಾದೆಗೆ ಅಂಜಿ ಒಂದು ಹೋರಿ ಹೊಡೆದುಕೊಂಡು ಬಂದ. ಮದುವೆ ಆಗಲಿಲ್ಲ, ಹೋರಿ ಮಾತ್ರ ನಮ್ಮ ಮನೆಯಲ್ಲಿ ಬಹಳ ವರ್ಷ ಬಾಳಿತು.

ನನ್ನ ಉದ್ಯೋಗವೂ ಈ ಚಟಕ್ಕೆ ನೀರೆರೆದಿದೆ. ನಾನು ಬ್ರೇಕು ಪರೀಕ್ಷಿಸುವ ಎಂಜಿನಿಯರ್. ಮೊದಲು ಡೆಟ್ರಾಯಿಟ್ ಕಡೆ ಕಾರಿನ ಬ್ರೇಕು, ಈಗ ಇಲ್ಲಿ ಡೌನರ್ಸ್ ಗ್ರೋವಿನಲ್ಲಿ ರೈಲಿನ ಬ್ರೇಕು. ಒಂದು ವಸ್ತು ಹೇಗೆ ಕೆಲಸ ಮಾಡುತ್ತದೆ ಎಂದು ಯೋಚಿಸುವವರು ಬೇರೆ ಇದ್ದಾರೆ. ಅದು ಎಷ್ಟು ಬಗೆಯಲ್ಲಿ ಕೆಡಬಹುದು ಎಂದು ಯೋಚಿಸುವುದಕ್ಕೆ ನನಗೆ ಸಂಬಳ. ಆಫೀಸಿನಲ್ಲಿ ಈ ಗುಣಕ್ಕೆ ಬಹುಮಾನ ಕೊಟ್ಟಿದ್ದಾರೆ. ಮನೆಯಲ್ಲಿ ಇದಕ್ಕೆ ಬೇರೆ ಹೆಸರಿದೆ.

ಇಷ್ಟು ಪೀಠಿಕೆ ಯಾಕೆಂದರೆ, ಉಕ್ರೇನಿನಲ್ಲಿ ಯುದ್ಧ ಶುರುವಾಗಿ ಒಂದು ವರ್ಷವಾಗಿದ್ದ ಆ ವಸಂತದಲ್ಲಿ ನಮ್ಮ ಒಬ್ಬಳೇ ಮಗಳು ಮೇಘನಾಗೆ ಪಕ್ಕದ ದೇಶ ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ ಮೆಡಿಕಲ್ ಸೀಟು ಸಿಕ್ಕಿತು. ಅದಕ್ಕೂ ಮೊದಲು ಇಲ್ಲಿಯ ಕಾಲೇಜುಗಳಿಗೆ ಎರಡು ವರ್ಷ ಬರೆದು ಬರೆದು ಸೋತಿದ್ದಳು. ಪೋಲೆಂಡಿನಲ್ಲಿ ಇಂಗ್ಲಿಷಿನಲ್ಲೇ ಕಲಿಸುತ್ತಾರೆ, ಶಿಕಾಗೋ ಕಡೆಯ ಮಕ್ಕಳು ಎಷ್ಟೋ ಜನ ಹೋಗಿ ಡಾಕ್ಟರಾಗಿ ಬಂದಿದ್ದಾರೆ ಎಂದು ಅವಳೇ ಹುಡುಕಿ ಅಪ್ಲೈ ಮಾಡಿದ್ದಳು. ಸುದ್ದಿ ಬಂದ ದಿನ ಅಡುಗೆಮನೆಯಲ್ಲಿ ಅಮ್ಮ ಮಗಳು ತಬ್ಬಿಕೊಂಡು ಕುಣಿದರು. ನಾನೂ ಕುಣಿಯಬೇಕಿತ್ತು. ಆದರೆ ನನ್ನ ಬಾಯಿಂದ ಬಂದದ್ದು, "ಅಲ್ಲಿಂದ ಯುದ್ಧದ ಗಡಿ ಎಷ್ಟು ಮೈಲಿ?" ಎಂಬ ಪ್ರಶ್ನೆ.

ಮೇಘನಾ ಹಟ ಮಾಡುವ ಹುಡುಗಿಯಲ್ಲ. ಅದೇ ಕಷ್ಟ. ಹಟ ಮಾಡಿದ್ದರೆ ಜಗಳ ಆಡಿ ಸೋಲಬಹುದಿತ್ತು. ಅವಳು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ್ದಿಷ್ಟು: ನಾಲ್ಕು ವರ್ಷ ನೀನು ಇಲ್ಲಿ ಕೂತು ಹೆದರುತ್ತಿದ್ದರೆ ನನಗೆ ಅಲ್ಲಿ ಓದಲು ಆಗುವುದಿಲ್ಲ. ತಿಂಗಳ ಕೊನೆಯೊಳಗೆ ಹೇಳು. ನೀನು ಬೇಡವೆಂದರೆ ಹೋಗುವುದಿಲ್ಲ.

ಹೇಳುತ್ತೇನೆ, ಸ್ವಲ್ಪ ವಿಚಾರಿಸುತ್ತೇನೆ ಎಂದೆ. ವಸುಧಾ ನನ್ನತ್ತ ನೋಡಿದ ರೀತಿಯಲ್ಲೇ ಮುಂದಿನದೆಲ್ಲ ಅವಳಿಗೆ ಗೊತ್ತಾಗಿ ಹೋಗಿತ್ತು.

ಊರಿನ ಲೈಬ್ರರಿಯಿಂದ ವಾರ್ಸಾದ ಚರಿತ್ರೆಯ ದಪ್ಪ ಪುಸ್ತಕಗಳನ್ನು ಹೊತ್ತು ತಂದೆ. ಬೇರೆಯವರು ಅವನ್ನು ಹೇಗೆ ಓದುತ್ತಾರೋ ಗೊತ್ತಿಲ್ಲ, ನಾನು ಓದಿದ್ದು ದೊಡ್ಡಪ್ಪನ ಕಣ್ಣಿನಿಂದ. ಮೊದಲನೆಯದಾಗಿ ನೆರೆಹೊರೆ ಸರಿಯಿಲ್ಲ. ಒಂದು ಮಗ್ಗುಲಿಗೆ ಜರ್ಮನಿ, ಇನ್ನೊಂದು ಮಗ್ಗುಲಿಗೆ ರಷ್ಯಾ, ಎರಡೂ ಗತ್ತಿನ ಗೌಡಕಿ ಮನೆಗಳು, ನಡುವೆ ಇವರ ಹೊಲ. ಬದು ಒತ್ತದ ಕಾಲವೇ ಇಲ್ಲ. ಅದಕ್ಕೂ ಹಿಂದೆ ಸಮುದ್ರದಾಚೆಯ ಸ್ವೀಡನ್ನಿನವರು ಬಂದು ದೋಚಿಕೊಂಡು ಹೋಗಿದ್ದರು. ಆಮೇಲೆ ನೆರೆಯವರೆಲ್ಲ ಕೂಡಿ ಇಡೀ ದೇಶವನ್ನೇ ಪಾಲು ಮಾಡಿಕೊಂಡು, ನೂರಕ್ಕೂ ಹೆಚ್ಚು ವರ್ಷ ಅದು ನಕಾಶೆಯಲ್ಲೇ ಇರಲಿಲ್ಲ. ನಕಾಶೆಯಲ್ಲಿ ಇಲ್ಲದ ಮನೆಗೆ ಯಾರಾದರೂ ಹೆಣ್ಣು ಕೊಡುತ್ತಾರೆಯೇ? ಆ ನೂರು ವರ್ಷದಲ್ಲೂ ಊರಿನವರು ಸುಮ್ಮನೆ ಕೂತವರಲ್ಲ. ಎದ್ದರು, ಬಿದ್ದರು, ಸೈಬೀರಿಯಾಕ್ಕೆ ಹೋದರು, ಉಳಿದವರು ಮತ್ತೆ ಎದ್ದರು. ಮನೆತನದಲ್ಲಿ ಮುಂಗೋಪ ಇದೆ ಎಂದು ಗುರುತು ಹಾಕಿಕೊಂಡೆ.

ಇಷ್ಟರವರೆಗೆ ನನಗೆ ತಮಾಷೆ ಮಾಡುವ ಶಕ್ತಿ ಇತ್ತು. ಮುಂದಿನ ಪುಟಗಳಲ್ಲಿ ಅದು ಹೋಯಿತು. ಜರ್ಮನಿಯ ಬಾಂಬುಗಳು, ಯಹೂದಿಗಳನ್ನು ಕೂಡಿಹಾಕಿದ ಗೋಡೆ, ಆ ಗೋಡೆಯೊಳಗಿನ ಹಸಿವು, ಕೊಲ್ಲಲು ಒಯ್ದ ರೈಲು, ಅಲ್ಲಿ ಕೊನೆಗೆ ಉಳಿದವರ ದಂಗೆ. ಮರುವರ್ಷ ಇಡೀ ಊರಿನ ದಂಗೆ. ಅದು ಮುರಿದ ಮೇಲೆ ಜರ್ಮನರು ಬದುಕಿ ಉಳಿದವರನ್ನು ಹೊರಗಟ್ಟಿ, ಖಾಲಿ ಊರನ್ನು ಬೀದಿ ಬೀದಿಯಾಗಿ, ಮನೆ ಮನೆಯಾಗಿ ಸುಟ್ಟು ಉರುಳಿಸಿದರು. ನದಿಯ ಆಚೆ ದಡದಲ್ಲಿ ರಷ್ಯದ ಸೈನ್ಯ ನೋಡುತ್ತ ನಿಂತಿತ್ತು. ಈ ಪುಟಗಳನ್ನು ನಾನು ಆಫೀಸಿನಲ್ಲಿ ಊಟದ ಹೊತ್ತಿನಲ್ಲಿ ಓದುತ್ತಿದ್ದೆ. ಡಬ್ಬಿ ಹಾಗೇ ಮನೆಗೆ ವಾಪಸು ಬರತೊಡಗಿತು. ಸಂಜೆ ಮೇಘನಾ ಸೋಫಾದ ಮೇಲೆ ಕಾಲು ಮಡಚಿ ಕೂತು ಫೋನು ನೋಡುತ್ತಿದ್ದರೆ, ನನ್ನ ಕಣ್ಣು ಅವಳ ಪಾದದ ಮೇಲೆ ಹೋಗಿ ನಿಲ್ಲುತ್ತಿತ್ತು. ಆ ಪಾದ ಆ ಊರಿನ ಕಲ್ಲುಗಳ ಮೇಲೆ ನಡೆಯಬೇಕಲ್ಲ ಎನಿಸುತ್ತಿತ್ತು.

"ಅದೆಲ್ಲ ಆಗಿ ಎಷ್ಟು ಕಾಲ ಆಯ್ತು ರೀ" ಎಂದಳು ವಸುಧಾ. ಒಮ್ಮೆ ಮುರಿದ ಭಾಗ ಮತ್ತೆ ಅಲ್ಲೇ ಮುರಿಯುತ್ತದೆ ಎಂದೆ. ಬ್ರೇಕಿನ ವಿಷಯದಲ್ಲಿ ಅದು ನಿಜ.

ಅವಳು ಆಗ ತೆಗೆದದ್ದು ಬ್ರಹ್ಮಾಸ್ತ್ರ. "ನಿಮ್ಮೂರೇನು ಕಮ್ಮೀನಾ? ಬಿದ್ದುಹೋಗಿರೋ ರಾಜಧಾನಿ. ನಮ್ಮಪ್ಪ ಹಾಗಂತ ವಿಚಾರಿಸ್ತಾ ಕೂತಿದ್ರೆ ನಾನು ಇಲ್ಲಿರ್ತಿದ್ನಾ?"

ನಾನು ಬೆಳೆದದ್ದು ಮುತ್ತಿಗೆಗೆ ಬಿದ್ದ ಊರಿನಲ್ಲೇ. ನಮ್ಮ ಓಣಿಯ ಹಿಂದೆಯೇ ಕೋಟೆಯ ಗೋಡೆ. ಔರಂಗಜೇಬನ ತೋಪು ಎಲ್ಲಿ ಬಡಿಯಿತು ಎಂದು ಮಾಸ್ತರರು ತೋರಿಸುತ್ತಿದ್ದ ಜಾಗದಲ್ಲಿ ನನ್ನ ಅಜ್ಜಿ ಮೆಣಸಿನಕಾಯಿ ಒಣಹಾಕುತ್ತಿದ್ದಳು. ದೊಡ್ಡ ತೋಪಿನ ಮೇಲೆ ಕೂತು ನಾವು ಪೇರಲ ತಿನ್ನುತ್ತಿದ್ದೆವು, ಬೇಸಿಗೆಯಲ್ಲಿ ಅದು ಕಾದು ಚಡ್ಡಿಯೊಳಗೆ ಚುರುಗುಟ್ಟುತ್ತಿತ್ತು. ಬಾದಶಹನ ಗೋರಿಯ ಗುಮ್ಮಟದೊಳಗೆ ಹೋಗಿ ಮಾಸ್ತರರ ಅಡ್ಡಹೆಸರು ಕೂಗಿದರೆ ಅದು ಏಳು ಸಲ ತಿರುಗಿ ಬರುತ್ತಿತ್ತು. ಒಮ್ಮೆ ಆರನೆಯ ಸಲ ಬರುವಷ್ಟರಲ್ಲಿ ಮಾಸ್ತರರೇ ಮೆಟ್ಟಿಲು ಹತ್ತಿ ಬಂದಿದ್ದರು. ಆ ಊರಿನಲ್ಲಿ ಎಷ್ಟು ಜನ ಸತ್ತಿರಬೇಕು ಎಂದು ನಮಗೆ ಎಂದೂ ಅನಿಸಲಿಲ್ಲ. ಚರಿತ್ರೆ ಎಂದರೆ ನಮಗೆ ಹೆಚ್ಚು ನೆರಳಿರುವ ಆಟದ ಬಯಲು.

ಆದರೆ ಆ ಹೆದರದ ಹುಡುಗ ನಾನು, ಮಗಳು ಬೇರೆ. ಸ್ವಂತಕ್ಕೆ ಇದ್ದ ಧೈರ್ಯವನ್ನು ಮಕ್ಕಳ ಹೆಸರಿಗೆ ಬರೆದುಕೊಡಲು ಬರುವುದಿಲ್ಲ.

ಪುಸ್ತಕ ಸಾಲದು, ಹಿಟ್ಟಿನ ಗಿರಣಿಗೇ ಹೋಗಬೇಕು ಎಂದುಕೊಂಡೆ. ನಮ್ಮ ಬಡಾವಣೆಯಲ್ಲಿ ಎದುರು ಸಾಲಿನ ಮೂರನೇ ಮನೆ ಹಲೀನಾ ಅವರದು. ಎಪ್ಪತ್ತೈದು ದಾಟಿದ ಹೆಂಗಸು, ನಿವೃತ್ತ ಹಲ್ಲಿನ ಡಾಕ್ಟರ್, ವಾರ್ಸಾದಲ್ಲೇ ಹುಟ್ಟಿ ಬೆಳೆದವರು. ಹಿಮ ಎತ್ತುವಾಗ, ಕಸದ ಡಬ್ಬಿ ಎಳೆಯುವಾಗ ಕೈ ಬೀಸುವಷ್ಟೇ ಪರಿಚಯ. ವಸುಧಾ ಮಾಡಿದ್ದ ಶೇಂಗಾ ಹೋಳಿಗೆಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಒಂದು ಶನಿವಾರ ಹೋದೆ. ಮಗಳ ಮಾತು ಎತ್ತಲಿಲ್ಲ. ಅದು ಶಾಸ್ತ್ರಕ್ಕೆ ವಿರುದ್ಧ. ಹುಲ್ಲಿನ ಬಗ್ಗೆ, ಮೊಲದ ಕಾಟದ ಬಗ್ಗೆ ಮಾತಾಡಿ, ನಿಮ್ಮ ವಾರ್ಸಾ ಎಂಥ ಊರು, ನೆರೆಹೊರೆ ಹೇಗೆ, ನೆಲ ಗಟ್ಟಿಯೇ ಎಂದು ಕೇಳಿದೆ.

ಅವರು ನನ್ನನ್ನು ಒಮ್ಮೆ ಹಲ್ಲು ಪರೀಕ್ಷಿಸುವವರಂತೆ ನೋಡಿ, ಅಲ್ಲಿ ಅಪಾರ್ಟ್‌ಮೆಂಟ್ ಕೊಳ್ಳುತ್ತಿದ್ದೀರಾ ಎಂದರು.

ನನ್ನೊಳಗಿನ ದೊಡ್ಡಪ್ಪ ಹೌದೆಂದುಬಿಟ್ಟ.

ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ಹಲೀನಾ ಅರ್ಧ ಕೆಲಸ ಮಾಡುವವರಲ್ಲ. ಮುಂದಿನ ಶನಿವಾರದ ಹೊತ್ತಿಗೆ ಜಾಹೀರಾತುಗಳನ್ನು ಪ್ರಿಂಟ್ ಮಾಡಿ ಇಟ್ಟುಕೊಂಡಿದ್ದರು. ನೆಲಮಟ್ಟದ ಮನೆ ಬೇಡ, ಹಳೆಯ ಕಟ್ಟಡದ ಪೈಪು ನಂಬಬೇಡಿ, ನದಿಯ ಈ ದಡ ದುಬಾರಿ, ಆ ದಡ ಈಗ ಫ್ಯಾಶನ್ನು ಎಂದು ಗಂಟೆಗಟ್ಟಲೆ ಹೇಳಿದರು. ನಾನು ಪೈಪುಗಳ ನಡುವೆ ನನ್ನ ಪ್ರಶ್ನೆಗಳನ್ನು ತೂರಿಸುತ್ತಿದ್ದೆ. ಅವರು ಹುಟ್ಟಿದ್ದು ಯುದ್ಧ ಮುಗಿದ ಮೇಲಂತೆ. ಬಾಲ್ಯದ ನೆನಪೆಂದರೆ ಇಟ್ಟಿಗೆಯ ಕೆಂಪು ದೂಳು, ಎಷ್ಟು ತೊಳೆದರೂ ಕೂದಲಿಂದ ಹೋಗುತ್ತಿರಲಿಲ್ಲವಂತೆ. ರಾಜಧಾನಿಯನ್ನು ಬೇರೆ ಊರಿಗೆ ಒಯ್ದುಬಿಡೋಣ ಎಂದು ದೊಡ್ಡವರು ಮಾತಾಡುತ್ತಿರುವಾಗಲೇ ಜನ ಕೈಗಾಡಿ ತಳ್ಳಿಕೊಂಡು ವಾಪಸು ಬಂದು ನೆಲಮಾಳಿಗೆಗಳಲ್ಲಿ ಒಲೆ ಹಚ್ಚಿದ್ದರಂತೆ. ಹಳೆಯ ಪೇಟೆಯನ್ನು ಹಳೆಯ ಚಿತ್ರಗಳನ್ನು ನೋಡಿ ನೋಡಿ ಮತ್ತೆ ಕಟ್ಟಿದರು. ಅಲ್ಲಿಯ ಮೂಲೆಯೊಂದರಲ್ಲಿ ನಿಂತು ಅವರ ಅಪ್ಪ, ಹಲೀನಾ, ಈ ಹಳೇ ಮನೆ ವಯಸ್ಸಿನಲ್ಲಿ ನಿನಗಿಂತ ಚಿಕ್ಕದು ಎಂದು ಹೇಳುತ್ತಿದ್ದರಂತೆ. ಅವರು ಇದನ್ನೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು. ನಾನು ರಿಪೇರಿ ಆದ ಭಾಗ ಎಂದು ಮನಸ್ಸಿನಲ್ಲಿ ಅಡ್ಡಗೆರೆ ಎಳೆಯುತ್ತಿದ್ದೆ.

ತಿಂಗಳು ಮುಗಿಯುತ್ತ ಬಂತು. ಒಂದು ಸಂಜೆ ವಸುಧಾ ಪಾತ್ರೆ ತೊಳೆಯುತ್ತಲೇ, ಬೆನ್ನು ತಿರುಗಿಸದೆ ಹೇಳಿದಳು. "ಮೇಘಾ ನೇಪರ್‌ವಿಲ್‌ನಲ್ಲಿ ಯಾವುದೋ ಲ್ಯಾಬ್ ಕೆಲಸಕ್ಕೆ ಅಪ್ಲೈ ಮಾಡಿದಾಳೆ. ಅಪ್ಪನ ಮುಖ ನೋಡೋಕಾಗ್ತಿಲ್ಲ ಅಂದ್ಲು. ಡಾಕ್ಟರ್ ಆಗೋದು ಬಿಟ್ಟೇಬಿಡ್ತೀನಿ ಅಂದ್ಲು."

ನಲ್ಲಿಯ ನೀರು ಹರಿಯುತ್ತಲೇ ಇತ್ತು. ನನಗೆ ಬಹಳ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಕಳಿಸಿದರೆ ಒಂದು ಭಯ, ಉಳಿಸಿಕೊಂಡರೆ ಇನ್ನೊಂದು. ಚಿಕ್ಕವಳಿದ್ದಾಗಿನಿಂದ ಗೊಂಬೆಗಳ ಕೈಗೆಲ್ಲ ಪಟ್ಟಿ ಕಟ್ಟುತ್ತಿದ್ದ ಹುಡುಗಿ ನನ್ನ ಮುಖ ನೋಡಿ ಪಟ್ಟಿ ಬಿಚ್ಚುತ್ತಿದ್ದಾಳೆ ಎನಿಸಿತು. ಆದರೂ ಹೋಗು ಎಂದು ಹೇಳಲಿಲ್ಲ.

ಮಾರನೆಯ ದಿನ ಆಫೀಸಿನಿಂದ ಬಂದವನೇ ನೇರ ಹಲೀನಾ ಅವರ ಮನೆಗೆ ಹೋದೆ. ಅವರು ಚಹಾ ಕೊಟ್ಟು ಮತ್ತೆ ಬಾಲ್ಕನಿಯ ಮಾತು ತೆಗೆದರು. ನನಗೆ ತಾಳ್ಮೆ ಮುಗಿದಿತ್ತು. ಮೇಲಿಂದ ಏನಾದರೂ ಬಿದ್ದರೆ ಆ ಊರಿನ ಮನೆಗಳಲ್ಲಿ ಅಡಗಲು ಜಾಗ ಇದೆಯೇ ಎಂದು ಕೇಳಿದೆ.

ಹಲೀನಾ ಕಪ್ಪು ಕೆಳಗಿಟ್ಟರು. "ಇದು ಯಾರಿಗೋಸ್ಕರ?" ಎಂದರು.

ಹೇಳಿದೆ. ಹೋರಿ, ದೊಡ್ಡಪ್ಪ, ಗಿರಣಿ ಎಲ್ಲ ಹೇಳಿದೆ. ಅವರಿಗೆ ಸಿಟ್ಟು ಬಂದಿತ್ತು. "ಅಪಾರ್ಟ್‌ಮೆಂಟಿಗೆ ಅಂದಿದ್ದಕ್ಕೆ ಪೈಪಿನ ವಿಷಯ ಹೇಳಿದೆ. ಮಗಳಿಗೆ ಅಂದಿದ್ದರೆ ಜನರ ವಿಷಯ ಹೇಳುತ್ತಿದ್ದೆ." ಆಮೇಲೆ ಕಪ್ಪು ಮತ್ತೆ ಕೈಗೆತ್ತಿಕೊಂಡು, ತನ್ನ ಅಕ್ಕ ಯಾನಿನಾ ವಾರ್ಸಾದಲ್ಲಿ ಒಬ್ಬಳೇ ಇದ್ದಾಳೆ, ಒಂದು ಕೋಣೆ ಖಾಲಿ ಇದೆ, ಕಾಲೇಜಿಗೆ ಟ್ರಾಮಿನಲ್ಲಿ ಹೋಗಬಹುದು ಎಂದರು. ಆದರೆ ಅಕ್ಕ ಯಾರನ್ನೂ ಸುಮ್ಮನೆ ಮನೆಗೆ ಸೇರಿಸಿಕೊಳ್ಳುವವಳಲ್ಲ, ಮೊದಲು ವಿಚಾರಿಸುತ್ತಾಳೆ ಎಂದೂ ಸೇರಿಸಿದರು.

ಮನೆಗೆ ಬಂದು ಇದನ್ನು ಹೇಳಿದಾಗ ನನ್ನ ಗುಟ್ಟು ಮಗಳಿಗೂ ಗೊತ್ತಾಯಿತು. "ಅಪ್ಪಾ, ಯೂ ಡಿಡ್ ಎ ಬ್ಯಾಕ್‌ಗ್ರೌಂಡ್ ಚೆಕ್ ಆನ್ ಎ ಸಿಟಿ?" ಎಂದು ಕೇಳಿದಳು. ಎಷ್ಟೋ ದಿನದ ಮೇಲೆ ನಕ್ಕಳು.

ಭಾನುವಾರ ಬೆಳಿಗ್ಗೆ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಟ್ಯಾಬ್ಲೆಟ್ಟನ್ನು ಒಗ್ಗರಣೆ ಡಬ್ಬಿಗೆ ಒರಗಿಸಿ ನಾಲ್ವರೂ ಕೂತೆವು. ಹಲೀನಾ ಗಸಗಸೆ ತುಂಬಿದ ರೋಲು ಮಾಡಿ ತಂದಿದ್ದರು. ತೆರೆಯ ಮೇಲೆ ಯಾನಿನಾ ಬಂದರು. ಎಂಬತ್ತು ದಾಟಿದ, ಬೆಳ್ಳಗಿನ ಕೂದಲನ್ನು ಎಳೆದು ಕಟ್ಟಿದ, ನಗದ ಮುಖ. ಇಂಗ್ಲಿಷ್ ಬಾರದು, ತಂಗಿಯೇ ದುಭಾಷಿ. ನಾನು ಪ್ರಶ್ನೆಗಳನ್ನು ಸಿದ್ಧಮಾಡಿಕೊಂಡಿದ್ದೆ. ಆದರೆ ಆ ಅಜ್ಜಿ ನನಗೆ ಬಾಯಿ ತೆಗೆಯಲು ಬಿಡಲಿಲ್ಲ. ನೀವು ಶಿಕಾಗೋದವರಂತೆ, ಅಲ್ಲಿ ಹಾಡಹಗಲೇ ಗುಂಡು ಹಾರಿಸುತ್ತಾರಂತೆ, ಅಂಥ ಕಡೆ ಮಗಳನ್ನು ಹೇಗೆ ಬೆಳೆಸಿದಿರಿ ಎಂದು ಕೇಳಿದರು.

ನಾವಿರುವುದು ಊರಿಂದ ಇಪ್ಪತ್ತು ಮೈಲಿ ಆಚೆ, ಇಲ್ಲಿ ಬಹಳ ಶಾಂತ, ಒಳ್ಳೆಯ ಸ್ಕೂಲುಗಳು, ಆರೋರಾದಲ್ಲಿ ಬಾಲಾಜಿ ಗುಡಿ ಕೂಡ ಇದೆ ಎಂದೆ. ಗಂಡಿನ ಅಪ್ಪಂದಿರು ಎಲ್ಲವನ್ನೂ ಮುಚ್ಚಿಕೊಂಡು ಹೊಲದ ಬೆಳೆಯ ಮಾತು ಆಡುವುದನ್ನು ದೊಡ್ಡಪ್ಪ ಎಷ್ಟು ಚೆನ್ನಾಗಿ ಅಣಕಿಸುತ್ತಿದ್ದ. ನನ್ನ ದನಿ ನನಗೇ ಹಾಗೆ ಕೇಳಿಸಿತು.

ಯಾನಿನಾ ನನ್ನನ್ನು ಬಿಟ್ಟು ಮೇಘನಾಳನ್ನು ನೋಡಿದರು. ಸ್ಕೂಲಿನಲ್ಲಿ ನಿನಗೆ ಹೆದರಿಕೆ ಆಗಿತ್ತೇ ಎಂದು ಕೇಳಿಸಿದರು.

ಮೇಘನಾ ಹವಾಮಾನ ಹೇಳುವಷ್ಟು ಸಹಜವಾಗಿ ಹೇಳಿದಳು. ಚಿಕ್ಕಂದಿನಿಂದ ಡ್ರಿಲ್ ಮಾಡಿಸುತ್ತಿದ್ದರು. ಬಂದೂಕು ಹಿಡಿದು ಯಾರಾದರೂ ನುಗ್ಗಿದರೆ ಏನು ಮಾಡಬೇಕೆಂದು. ಟೀಚರ್ ಲೈಟು ಆರಿಸಿ ಬಾಗಿಲು ಹಾಕುತ್ತಿದ್ದರು, ನಾವು ಮೂಲೆಯಲ್ಲಿ ಕೂತು ಉಸಿರು ಬಿಗಿಹಿಡಿಯುತ್ತಿದ್ದೆವು. ಕಿಂಡರ್‌ಗಾರ್ಟನ್ನಿನಲ್ಲಿ ಒಬ್ಬ ಹುಡುಗ ಅಳುತ್ತಾನೆಂದು ನಾನು ಅವನ ಬಾಯಿ ಮುಚ್ಚುತ್ತಿದ್ದೆ, ಅದು ನನ್ನ ಕೆಲಸವಾಗಿತ್ತು.

ಡ್ರಿಲ್ ಇರುತ್ತದೆ ಎಂದು ನನಗೆ ಗೊತ್ತಿತ್ತು. ಬಾಯಿ ಮುಚ್ಚುವ ಕೆಲಸ ಗೊತ್ತಿರಲಿಲ್ಲ. ಐದು ವರ್ಷದ ಆ ಅಂಗೈಯನ್ನು ನಾನು ದಿನಾ ಸಂಜೆ ಹಿಡಿದುಕೊಂಡು ಮನೆಗೆ ಕರೆತರುತ್ತಿದ್ದೆ. ಇವತ್ತು ಏನು ಮಾಡಿದಿರಿ ಎಂದು ಕೇಳಿದರೆ ನಥಿಂಗ್ ಎನ್ನುತ್ತಿದ್ದಳು. ವಸುಧಾ ಮಗಳ ಬೆನ್ನ ಮೇಲೆ ಕೈಯಿಟ್ಟಳು. ಹಲೀನಾ ಅಕ್ಕನಿಗೆ ಪೋಲಿಷ್‌ನಲ್ಲಿ ಇದನ್ನು ಹೇಳುವಾಗ ಎರಡು ಸಲ ತಡೆದರು.

ಯಾನಿನಾ ತೆರೆಯ ಹತ್ತಿರಕ್ಕೆ ಬಾಗಿದರು. ಆಮೇಲೆ ಹೇಳಿದ್ದನ್ನು ಹಲೀನಾ ಒಂದೊಂದೇ ಮಾತಾಗಿ ನಮಗೆ ದಾಟಿಸಿದರು. ಊರು ದಂಗೆ ಎದ್ದಾಗ ಆಕೆಗೆ ನಾಲ್ಕು ವರ್ಷ. ಬೆಂಕಿ ನೆನಪಿಲ್ಲ. ನೆಲಮಾಳಿಗೆಯ ಕತ್ತಲೆಯಲ್ಲಿ ಅಮ್ಮನ ಅಂಗೈ ತನ್ನ ಬಾಯಿಯ ಮೇಲೆ ಇದ್ದದ್ದು ನೆನಪಿದೆ. ಅದರಲ್ಲಿ ಈರುಳ್ಳಿಯ ವಾಸನೆ ಇತ್ತು. ಪ್ರತಿ ವರ್ಷ ಆಗಸ್ಟ್ ಒಂದನೇ ತಾರೀಖು ಸಂಜೆ ಐದಕ್ಕೆ, ಆ ದಂಗೆ ಶುರುವಾದ ಗಳಿಗೆಯಲ್ಲಿ, ಊರಿನ ಸೈರನ್ನುಗಳೆಲ್ಲ ಕೂಗುತ್ತವೆ. ಬಸ್ಸು ಟ್ರಾಮು ನಿಲ್ಲುತ್ತವೆ, ಜನ ಇದ್ದಲ್ಲೇ ಒಂದು ನಿಮಿಷ ನಿಲ್ಲುತ್ತಾರೆ. ಆಕೆಯೂ ಮೊದಲು ಕೆಳಗಿಳಿದು ಬೀದಿಯಲ್ಲಿ ನಿಲ್ಲುತ್ತಿದ್ದರಂತೆ. ಈಗ ಮಂಡಿ ಹೋಗಿದೆ, ಮನೆ ನಾಲ್ಕನೆಯ ಮಹಡಿ, ಲಿಫ್ಟ್ ಇಲ್ಲ, ಕಿಟಕಿಯಲ್ಲೇ ನಿಲ್ಲುತ್ತಾರಂತೆ. ಆ ಒಂದು ನಿಮಿಷ ಒಬ್ಬಳೇ ನಿಲ್ಲಲು ತನಗೆ ಆಗುವುದಿಲ್ಲ. ಹಿಂದಿನ ಬಾಡಿಗೆಯವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ.

"ನಾನು ವಿಚಾರಿಸಬೇಕಾದದ್ದು ಇಷ್ಟೇ" ಎಂದರು. "ಈ ಹುಡುಗಿ ನನ್ನ ಪಕ್ಕ ನಿಲ್ಲುತ್ತಾಳಾ?"

ಮೇಘನಾ ತೆರೆಯನ್ನು ನೋಡಲಿಲ್ಲ. ನನ್ನ ಕಡೆಗೆ ತಿರುಗಿದಳು. ನಮ್ಮ ಜೊತೆ ಸದಾ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು, ವಿಜಾಪುರದ ನನ್ನವ್ವನ ಜೊತೆ ಫೋನಿನಲ್ಲಿ ಕಲಿತ ಕನ್ನಡದಲ್ಲಿ ಕೇಳಿದಳು.

"ಅಪ್ಪಾ, ನಾ ನಿಂದರಲೇನು?"

ತಿಂಗಳಿಡೀ ನಾನು ಕೂಡಿಹಾಕಿದ್ದ ಕಾರಣಗಳು ಒಂದೂ ಕರಗಿರಲಿಲ್ಲ. ಗಡಿ ಅಲ್ಲೇ ಇತ್ತು, ಯುದ್ಧ ನಡೆದೇ ಇತ್ತು, ನೆರೆಹೊರೆಯವರು ಬದಲಾಗಿರಲಿಲ್ಲ. ಆದರೆ ಆ ಕಡೆ ಒಬ್ಬ ಮುದುಕಿ ಕಾಯುತ್ತಿದ್ದಳು. ಈ ಕಡೆ ನನ್ನ ಮಗಳು, ಜೀವನದಲ್ಲಿ ತನ್ನ ಮೊದಲ ರೋಗಿಯ ಮುಂದೆ ನಿಂತವಳಂತೆ, ನನ್ನ ಅಪ್ಪಣೆಗೆ ಕಾಯುತ್ತಿದ್ದಳು.

"ನಿಂದರವ್ವಾ" ಎಂದೆ.

ಹಲೀನಾ ಅದನ್ನು ಪೋಲಿಷ್‌ನಲ್ಲಿ ಒಂದೇ ಮಾತಿನಲ್ಲಿ ಹೇಳಿದರು. ಯಾನಿನಾ ತಲೆಯಾಡಿಸಿ, ಹುಡುಗಿಗೆ ದಪ್ಪ ಕಾಲುಚೀಲ ತರಲು ಹೇಳಿ, ನೆಲ ತಣ್ಣಗಿರುತ್ತದೆ ಎಂದು ಕರೆ ಮುಗಿಸಿದರು.

ಕ್ಲಾಸಿಗೆ ಮೊದಲು ಭಾಷೆ ಕಲಿಸುತ್ತಾರೆಂದು ಜುಲೈಯಲ್ಲೇ ಹೋದಳು. ಏರ್‌ಪೋರ್ಟಿನಲ್ಲಿ ನಾನು ನಡೆದುಕೊಂಡ ರೀತಿಯನ್ನು ಇಲ್ಲಿ ಬರೆಯುವುದಿಲ್ಲ. ವಸುಧಾ ಎಲ್ಲರಿಗೂ ಹೇಳಿದ್ದಾಳೆ. ಧೈರ್ಯ ಬಂತೇ ಎಂದು ಕೇಳಬೇಡಿ. ದಿನಕ್ಕೆ ಹತ್ತು ಸಲ ಸುದ್ದಿ ನೋಡುತ್ತಿದ್ದೆ. ಅವಳು ಹೋದ ಕೆಲವೇ ದಿನಕ್ಕೆ ಪೋಲೆಂಡು ಪೂರ್ವದ ಗಡಿಗೆ ಇನ್ನಷ್ಟು ಸೈನಿಕರನ್ನು ಕಳಿಸಿತು ಎಂದು ಬಂತು. ಅವಳಿಗೆ ಫೋನು ಮಾಡಿ ಊಟ ಆಯಿತೇ ಎಂದು ಮಾತ್ರ ಕೇಳಿದೆ. ಅಪ್ಪಾ, ಐ ಸಾ ದಿ ನ್ಯೂಸ್ ಟೂ ಎಂದಳು.

ಆ ವರ್ಷ ಆಗಸ್ಟ್ ಒಂದು ಮಂಗಳವಾರ ಬಂತು. ನಾನು ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ವಾರ್ಸಾದ ಐದು ಗಂಟೆ ಎಂದರೆ ನಮ್ಮ ಹತ್ತು. ಹತ್ತಕ್ಕೆ ಸ್ವಲ್ಪ ಮೊದಲು ಒಳಗೆ ಕೂರಲಾಗದೆ, ಖಾಲಿ ಕಸದ ಡಬ್ಬಿ ಒಳಗೆ ತರುವ ನೆಪದಲ್ಲಿ ಹೊರಗೆ ಬಂದೆ. ಎದುರು ಸಾಲಿನಲ್ಲಿ ಹಲೀನಾ ತಮ್ಮ ಡ್ರೈವ್‌ವೇಯಲ್ಲಿ ಇಸ್ತ್ರಿ ಮಾಡಿದ ಬಿಳಿಯ ಅಂಗಿ ತೊಟ್ಟು, ಎರಡೂ ಕೈ ಕೆಳಗೆ ಬಿಟ್ಟು ನಿಂತಿದ್ದರು. ಇಷ್ಟು ವರ್ಷ ಎದುರಿಗಿದ್ದೂ ಅವರು ಹೀಗೆ ನಿಲ್ಲುವುದನ್ನು ನಾನು ನೋಡಿರಲಿಲ್ಲ.

ಹತ್ತಾಯಿತು. ಸೈರನ್ ಕೂಗಿತು.

ಒಂದು ಕ್ಷಣ ಸಮುದ್ರ ದಾಟಿ ಅದೇ ಇಲ್ಲಿಗೆ ಕೇಳಿಸುತ್ತಿದೆ ಎಂದುಕೊಂಡೆ. ಆಮೇಲೆ ನೆನಪಾಯಿತು. ಸುಂಟರಗಾಳಿಗೆಂದು ಇಟ್ಟ ನಮ್ಮ ಕಡೆಯ ಸೈರನ್ನನ್ನು ಪ್ರತಿ ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ ಮಾಡುತ್ತಾರೆ. ವರ್ಷಗಟ್ಟಲೆ ಕೇಳಿ ಕೇಳಿ ಯಾರ ಕಿವಿಗೂ ಅದು ಬೀಳುವುದಿಲ್ಲ. ಪಕ್ಕದ ಮನೆಯಲ್ಲಿ ಹುಲ್ಲು ಕತ್ತರಿಸುವವರು ಕತ್ತರಿಸುತ್ತಲೇ ಇದ್ದರು. ನಾಯಿ ನಡೆಸಿಕೊಂಡು ಹೋಗುತ್ತಿದ್ದ ಒಬ್ಬಾಕೆ ನನ್ನ ಮುಖ ನೋಡಿ, ಇದು ಬರೀ ಟೆಸ್ಟು ಎಂದು ಸಮಾಧಾನ ಹೇಳಿ ಹೋದಳು. ಹಲೀನಾ ಕದಲಲಿಲ್ಲ. ನಾನು ಕಸದ ಡಬ್ಬಿಯ ಹಿಡಿ ಬಿಟ್ಟೆ.

ಅಲ್ಲಿಯದು ಒಂದೇ ನಿಮಿಷ. ನಮ್ಮದು ಇನ್ನೂ ಕೂಗುತ್ತಲೇ ಇತ್ತು. ಮಗಳು ಆ ಅಜ್ಜಿಯ ಕೈಹಿಡಿದು ಕುರ್ಚಿಯಲ್ಲಿ ಕೂರಿಸಿ, ತಾನೂ ಕೂತು, ಚಹಾಕ್ಕೆ ನೀರಿಟ್ಟಿರಬೇಕು. ನಾನು ನಿಂತೇ ಇದ್ದೆ.